ಕನ್ನಡಕದ ಅಂಚಿನಲ್ಲಿ ಬಣ್ಣದ ಗೆರೆ: ಕೊನೆಗೆ ಸರಿಹೋದದ್ದು ಹೀಗೆ

ಪವರ್ ಮೈನಸ್ 5.50, ಪಾಲಿಕಾರ್ಬೊನೇಟ್ ಲೆನ್ಸ್. ನೇರ ನೋಡಿದರೆ ಸ್ಪಷ್ಟ. ಓರೆಯಾಗಿ ನೋಡಿದರೆ ಟ್ಯೂಬ್‌ಲೈಟಿನ ಒಂದಂಚು ನೀಲಿ, ಇನ್ನೊಂದು ಕಿತ್ತಳೆ.

ಮರುಪರೀಕ್ಷೆಯಲ್ಲೂ ಪವರ್ ಅದೇ. ಮೂಗಿನ ಪ್ಯಾಡ್ ಬಗ್ಗಿಸಿದ್ದು, ನೀಲಿ ಬೆಳಕು ತಡೆಯುವ ಬ್ಲೂಕಟ್ ಬದಲು ಮಾಮೂಲಿ ಆ್ಯಂಟಿ-ರಿಫ್ಲೆಕ್ಷನ್ ಕೋಟಿಂಗ್ ಹಾಕಿಸಿದ್ದು ವ್ಯರ್ಥ. ಕೋಟಿಂಗ್ ತಡೆಯುವುದು ಪ್ರತಿಫಲನವನ್ನು. ಬಣ್ಣ ಚದುರಿಸುವುದು ಲೆನ್ಸಿನ ವಸ್ತು. ವಸ್ತು ಬಣ್ಣವನ್ನು ಎಷ್ಟು ಚದುರಿಸುತ್ತದೆ ಎಂದು ತೋರಿಸುವ ಅಬ್ಬೆ ಸಂಖ್ಯೆ ಕೇಳಿ: ಪಾಲಿಕಾರ್ಬೊನೇಟಿಗೆ ಸುಮಾರು 30, ವಕ್ರೀಭವನ ಸೂಚ್ಯಂಕ (ಇಂಡೆಕ್ಸ್) 1.67ರ ಲೆನ್ಸಿಗೆ 32, ಎಂಆರ್-8 ಎಂಬ 1.60ರದ್ದಕ್ಕೆ 41. ಹೆಚ್ಚಿದ್ದಷ್ಟೂ ಬಣ್ಣ ಕಡಿಮೆ. ಅಂಗಡಿಯಲ್ಲಿ ಹೇಳುವುದು ಮಾತ್ರ ‘ತೆಳು’ ಎಂಬುದೊಂದನ್ನೇ.

ಮೊದಲು ಫ್ರೇಮ್ ಆರಿಸಿ, ಗಾಜಿನ ಅಗಲ 48 ಮಿ.ಮೀ. ಆಸುಪಾಸು. ಅದು ಮುಖಕ್ಕೆ ಸರಿಯಾಗಿ ಕೂತ ಮೇಲೆ ಡೆಮೊ ಲೆನ್ಸಿನ ಮೇಲೆ ಪ್ರತಿ ಕಣ್ಣುಪಾಪೆಯ ನಡುಬಿಂದುವನ್ನು ಮಾರ್ಕರಿನಿಂದ ಗುರುತು ಹಾಕಿಸಿ. ಪಿಡಿಯನ್ನು, ಅಂದರೆ ಪಾಪೆಗಳ ನಡುವಿನ ಅಂತರವನ್ನು, ಒಟ್ಟು 63 ಮಿ.ಮೀ. ಎಂದಲ್ಲ, ಮೂಗಿನ ನಡುವಿನಿಂದ ಅಳೆದು, ಉದಾಹರಣೆಗೆ ಬಲ 31, ಎಡ 32 ಎಂದು ಬೇರೆಬೇರೆ ಬರೆಸಿ. ಆಮೇಲೆ 1.60 ಆರ್ಡರ್ ಮಾಡಿ. 1.67ಕ್ಕಿಂತ ಅಂಚು ತುಸು ದಪ್ಪ ಬರುತ್ತದೆ, ಚಿಕ್ಕ ಫ್ರೇಮಿನಲ್ಲಿ ಎದ್ದು ಕಾಣದು. ಮಕ್ಕಳಿಗೆ ಪಾಲಿಕಾರ್ಬೊನೇಟೇ ಇರಲಿ, ಸುಲಭಕ್ಕೆ ಒಡೆಯದು.