ಯಂತ್ರ ಬ್ರೆಜಿಲ್ಲಿನದು, ಬೆಲೆ ಹಿಟ್ಟಿನಲ್ಲಿ: ಅಂಗೋಲಾದಲ್ಲಿ ನನ್ನ ಅನುಭವ

ಹೋದ ತಿಂಗಳು ಅಂಗೋಲಾದ ಮಲಾಂಜೆ ಪ್ರಾಂತ್ಯದಿಂದ ಬಂದ ಲಾರಿಯಲ್ಲಿ 160 ಚೀಲ ಹುರಿದ ಮರಗೆಣಸಿನ ಹಿಟ್ಟು ಇತ್ತು. ರಾಜಧಾನಿ ಲುವಾಂಡಾ ಪಕ್ಕದ ವಿಯಾನಾದಲ್ಲಿರುವ ನಮ್ಮ ಗೋಡೌನಿನಲ್ಲಿ ಇಳಿಸಿದ ದಿನವೇ ನೂರು ಚೀಲ ಖಾಲಿಯಾಯಿತು. ಬ್ರೆಜಿಲ್ಲಿಂದ ಈ ಹಿಟ್ಟು ಮಾಡುವ ಯಂತ್ರ ತರಿಸಿ ಇಲ್ಲಿನ ಹಳ್ಳಿಗಳಿಗೆ ಸಾಲಕ್ಕೆ ಕೊಡುವುದು, ಬಾಕಿಯನ್ನು ಹಿಟ್ಟಿನಲ್ಲೇ ವಸೂಲಿ ಮಾಡುವುದು ನನ್ನ ವ್ಯಾಪಾರ. ನನ್ನ ಮೂರನೇ ಕಂಟೇನರಿನ ಬಾಕಿಯಲ್ಲಿ ಅದೇ ಕೊನೆಯ ಕಂತು. "ಬ್ರೆಜಿಲ್ಲಿಂದ ಯಂತ್ರ ತಂದು ಅಂಗೋಲಾದ ಹಳ್ಳಿಗೆ ಸಾಲ ಕೊಟ್ಟರೆ ದುಡ್ಡು ಮುಳುಗಿತು ಅಂತಲೇ ತಿಳ್ಕೊ" ಎಂದವರು ಹತ್ತಾರು ಜನ. ಈಗ ಲೆಕ್ಕದ ಪುಸ್ತಕ ಅವರ ಮುಂದೆ ಇಡಬಲ್ಲೆ. ಅದಕ್ಕೇ ಈ ಬರಹ.

ಆಫ್ರಿಕಾದಲ್ಲಿ ವ್ಯಾಪಾರ ಮಾಡುವ ನಮ್ಮವರಿಗೆ ಎಲ್‌ಸಿ, ಬಿಎಲ್, ಕ್ಲಿಯರೆನ್ಸ್, ಅಂದರೆ ಬ್ಯಾಂಕಿನ ಪಾವತಿ ಭರವಸೆ, ಹಡಗಿನ ಸರಕು ಪತ್ರ, ಬಂದರಿನ ಸುಂಕದ ಕೆಲಸ, ಇದೆಲ್ಲ ಗೊತ್ತೇ ಇದೆ, ಅದನ್ನು ಬಿಡುತ್ತೇನೆ. ಇಲ್ಲಿನ ಸಗಟು ವ್ಯಾಪಾರದಲ್ಲಿರುವ ಭಾರತೀಯರು ಸಾಮಾನ್ಯವಾಗಿ ಮಾಲು ತರಿಸುವುದು ದುಬೈ ಅಥವಾ ಚೀನಾದಿಂದ, ಹೆಚ್ಚೆಂದರೆ ಲಿಸ್ಬನ್ನಿಂದ. ನಾನು ಬ್ರೆಜಿಲ್ಲಿಗೆ ಹೋದದ್ದಕ್ಕೆ ಕಾರಣ ಸರಳ. ಮರಗೆಣಸು ಹುಟ್ಟಿದ್ದೇ ಆ ಕಡೆ. ಪೋರ್ಚುಗೀಸರು ಅದನ್ನು ಸಮುದ್ರ ದಾಟಿಸಿ ಈ ದಡಕ್ಕೆ ತಂದರು. ಅದೇ ಹಿಟ್ಟನ್ನು ಹಡಗಿನಲ್ಲಿ ತಿನ್ನಿಸುತ್ತ ಲುವಾಂಡಾದಿಂದ ಲಕ್ಷಗಟ್ಟಲೆ ಜನರನ್ನು ಗುಲಾಮರನ್ನಾಗಿ ಆ ದಡಕ್ಕೆ ಸಾಗಿಸಿದರು. ಬ್ರೆಜಿಲ್ಲಿನಲ್ಲಿ ಕೊನೆಯ ಮಗುವಿಗೆ 'ಕಸೂಲಾ' ಅನ್ನುತ್ತಾರೆ, ತರಕಾರಿ ಅಂಗಡಿಗೆ 'ಕಿಟಾಂಡಾ'. ಎರಡೂ ಇಲ್ಲಿನ ಕಿಂಬುಂದು ಭಾಷೆಯ ಮಾತು. ಎರಡೂ ದೇಶದ ವ್ಯವಹಾರದ ಭಾಷೆ ಪೋರ್ಚುಗೀಸ್. ನಮ್ಮ ಮೆಕ್ಯಾನಿಕ್ ಫೋನಿನಲ್ಲಿ ವಿಡಿಯೊ ತೋರಿಸಿದರೆ ಅಲ್ಲಿನ ಫೋರ್‌ಮನ್ ನೇರವಾಗಿ ಉತ್ತರ ಕೊಡುತ್ತಾನೆ, ನಡುವೆ ದುಭಾಷಿ ಬೇಡ. ಇನ್‌ವಾಯ್ಸೂ ಪೋರ್ಚುಗೀಸಿನಲ್ಲೇ ಬರುವುದರಿಂದ ಅನುವಾದದ ಖರ್ಚಿಲ್ಲ. ಚೀನಾದ ಮಾಲಿನಲ್ಲಿ ಈ ಅನುಕೂಲ ನನಗೆ ಸಿಕ್ಕಿರಲಿಲ್ಲ.

2021ರಲ್ಲಿ ಮೊದಲ ಕಂಟೇನರ್. ಬ್ರೆಜಿಲ್ಲಿನ ಪರಾನಾ ರಾಜ್ಯದ ಪರಾನವಾಯಿ ಕಡೆ ತಯಾರಾದ ಆರು ಸೆಟ್ ತರಿಸಿದೆ. ಒಂದು ಸೆಟ್ ಅಂದರೆ ತುರಿಯುವ ಯಂತ್ರ, ಹಿಂಡುವ ಪ್ರೆಸ್, ತಾನೇ ಕೈಯಾಡಿಸುವ ಹುರಿಯುವ ಒಲೆ. ಆ ವರ್ಷ ಹಡಗಿನ ಬಾಡಿಗೆ ಆಕಾಶಕ್ಕೆ ಏರಿತ್ತು. ಜೊತೆಗೆ ಅಂಗೋಲಾಕ್ಕೆ ಬರುವ ಮಾಲಿಗೆ ಬೇಕಿದ್ದ ಲೋಡಿಂಗ್ ಸರ್ಟಿಫಿಕೇಟನ್ನು ಹಡಗು ಹೊರಡುವ ಮೊದಲೇ ಮಾಡಿಸದೆ ದಂಡ ಕಟ್ಟಿದೆ. ಆದರೂ ದೊಡ್ಡ ಪೆಟ್ಟು ಬಿದ್ದದ್ದು ಮೋಟಾರಿನಿಂದ. ಬ್ರೆಜಿಲ್ಲಿನ ಕರೆಂಟು 60 ಹರ್ಟ್ಜ್ (ಸೆಕೆಂಡಿಗೆ 60 ಆವರ್ತನ), ಅಂಗೋಲಾದ್ದು 50. ಅಲ್ಲಿ ನಿಮಿಷಕ್ಕೆ 1,740 ಸುತ್ತು ತಿರುಗುವ ಮೋಟಾರು ಇಲ್ಲಿ 1,450ಕ್ಕೆ ಇಳಿಯಿತು. ಗೆಣಸು ತುರಿಯುವ ಬದಲು ಚೂರುಚೂರಾಗಿ ಬಿತ್ತು. ಮೋಟಾರಿನ ಐದು ಇಂಚಿನ ಪುಲ್ಲಿ (ಬೆಲ್ಟಿನ ಗಾಲಿ) ಬಿಚ್ಚಿ ಆರು ಇಂಚಿನದು ಹಾಕಿಸಿದೆ. ತುರಿಯುವ ಉರುಳೆಗೆ ವೇಗ ಬಂತು, ಆದರೆ ಮೋಟಾರು ಕೈ ಇಡಲಾಗದಷ್ಟು ಕಾಯತೊಡಗಿತು. ಮೂರು ತಿಂಗಳಲ್ಲಿ ಆರರಲ್ಲಿ ನಾಲ್ಕು ಸುಟ್ಟುಹೋದವು.

ಈಗ ಬ್ರೆಜಿಲ್ಲಿಂದ ಬರುವುದು ಕಬ್ಬಿಣ ಮಾತ್ರ, ಮೋಟಾರಿಲ್ಲದ ಯಂತ್ರ. ಕರೆಂಟು ಇರುವ ಕಡೆಗೆ ಕೊಯಮತ್ತೂರಿನ 50 ಹರ್ಟ್ಜ್ ಮೋಟಾರು, ಇಲ್ಲದ ಹಳ್ಳಿಗೆ ರಾಜ್‌ಕೋಟ್‌ನ ಡೀಸೆಲ್ ಎಂಜಿನ್. ಎರಡನ್ನೂ ವಿಯಾನಾದಲ್ಲೇ ಕೂರಿಸುತ್ತೇವೆ. ಒಂದು ಸೆಟ್ಟಿಗೆ ಸುಮಾರು 600 ಡಾಲರ್ ಉಳಿಯಿತು. ಎಂಜಿನ್ನಿನ ಅದುರಿಗೆ ಒಲೆಯ ಬೋಲ್ಟು ಸಡಿಲವಾಗದಂತೆ ನಮ್ಮ ಹುಡುಗ ಒಂದು ಉಪಾಯ ಮಾಡಿದ್ದಾನೆ. ಅದು ಅವನ ಸ್ವತ್ತು, ಅವನನ್ನೇ ಕೇಳಬೇಕು.

ಇನ್ನೊಂದು ತಪ್ಪು ನನ್ನದೇ. ಅಂಗೋಲಾದಲ್ಲಿ ಮನೆಮನೆಯ ಊಟ ಫುಂಜೆ, ನಮ್ಮ ಮುದ್ದೆಯ ಹಾಗೆ ಕೋಲಿನಲ್ಲಿ ತಿರುವಿ ಮಾಡುವಂಥದ್ದು. ಅದರ ಹಿಟ್ಟಿಗೆ ಗೆಣಸನ್ನು ಮೂರು ನಾಲ್ಕು ದಿನ ನೀರಲ್ಲಿ ನೆನೆಹಾಕಿ, ಒಣಗಿಸಿ, ಆಮೇಲೆ ಬೀಸುತ್ತಾರೆ. ಒಣಗಿಸಿದ ಆ ಗೆಣಸಿಗೆ ಬೊಂಬೊ ಅಂತ ಹೆಸರು. ಅವರಿಗೆ ತುರಿಯುವ ಯಂತ್ರದ ಕೆಲಸವೇ ಇಲ್ಲ! ಎರಡು ಸೆಟ್ ಕೊಂಡವರು ಪ್ರೆಸ್ಸಿನ ಮೇಲೆ ಬಟ್ಟೆ ಒಣಹಾಕುತ್ತಿದ್ದರು. ನನ್ನ ನಿಜವಾದ ಗಿರಾಕಿ ಫರಿನ್ಯಾ ಮುಸೆಕ್ ಮಾಡುವವರು. ಅದು ತುರಿದು, ಹಿಂಡಿ, ಹುರಿದ ರವೆಯಂಥ ಹಿಟ್ಟು. ಸುಟ್ಟ ಮೀನು, ತಾಳೆ ಎಣ್ಣೆಯ ಬೀನ್ಸ್ ಕಾಳಿನ ಜೊತೆ ಲುವಾಂಡಾದವರಿಗೆ ಅದು ಬೇಕೇ ಬೇಕು. ಇದು ತಿಳಿಯಲು ಒಂದು ವರ್ಷ ಹಿಡಿಯಿತು.

ಎರಡನೇ ಕಂಟೇನರಿನಲ್ಲಿ ಯಂತ್ರ ಸರಿಯಿತ್ತು, ಗಿರಾಕಿಯೂ ಸರಿ. ಮೂರು ಸೆಟ್ಟನ್ನು ಇಲ್ಲಿನ ನಾಣ್ಯವಾದ ಕ್ವಾಂಜಾ ಲೆಕ್ಕದಲ್ಲಿ ಕಂತಿಗೆ ಕೊಟ್ಟೆ. 2023ರ ಮೇ ಶುರುವಿಗೆ ಡಾಲರಿಗೆ 505ರ ಆಸುಪಾಸು ಇದ್ದ ಕ್ವಾಂಜಾ ಜೂನ್ ಮುಗಿಯುವಷ್ಟರಲ್ಲಿ 800 ದಾಟಿತು. ಹಳ್ಳಿಯವರು ಒಂದು ಕಂತೂ ತಪ್ಪಿಸಲಿಲ್ಲ. ಆದರೂ 22 ಸಾವಿರ ಡಾಲರ್ ಬರಬೇಕಾದಲ್ಲಿ ಕೈಗೆ ಬಂದದ್ದು ಹದಿಮೂರೂವರೆಯೋ ಹದಿನಾಲ್ಕೋ ಸಾವಿರ. ಆ ತಿಂಗಳು ಊರಿಗೆ ದುಡ್ಡು ಕಳಿಸಲಿಲ್ಲ. ಪಾಲುದಾರ ತನ್ನ ಪಾಲು ವಾಪಸ್ ತೆಗೆದುಕೊಂಡ.

ದಾರಿ ಹೊಳೆದದ್ದು ಮಲಾಂಜೆಗೆ ಹೋಗುವ ರಸ್ತೆಯಲ್ಲಿ. ಆ ಪ್ರಾಂತ್ಯದಲ್ಲೇ ಕ್ವಾಂಜಾ ನದಿಯ ಕಪಾಂಡಾ ಅಣೆಕಟ್ಟು ಇದೆ. 1980ರ ದಶಕದಲ್ಲಿ ಬ್ರೆಜಿಲ್ಲಿನ ಕಂಪನಿ ಸೋವಿಯತ್ತರ ಜೊತೆ ಸೇರಿ ಕಟ್ಟಲು ಶುರುಮಾಡಿತು. ಅಂಗೋಲಾದ ಅಂತರ್ಯುದ್ಧದಿಂದ ನಿಂತು, ಮತ್ತೆ ಎದ್ದು, ಕರೆಂಟು ಬಂದದ್ದು 2004ಕ್ಕೆ. ಅಂಗೋಲಾದ ಹತ್ತಿರ ಆಗ ಡಾಲರ್ ಎಲ್ಲಿತ್ತು? ಬ್ರೆಜಿಲ್ ಸಾಲ ಕೊಟ್ಟಿತು, ಅಂಗೋಲಾ ಕಚ್ಚಾತೈಲ ಕೊಟ್ಟು ತೀರಿಸಿತು. ಯುದ್ಧ ಮುಗಿದ ಮೇಲೆ ಬ್ರೆಜಿಲ್ಲಿನ ಅಭಿವೃದ್ಧಿ ಬ್ಯಾಂಕು ಕೊಟ್ಟ ಸಾಲಕ್ಕೂ ತೈಲವೇ ಭದ್ರತೆ. 1975ರ ನವೆಂಬರ್ 11ರಂದು ಅಂಗೋಲಾ ಸ್ವತಂತ್ರವಾದಾಗ ಲುವಾಂಡಾದ ಎಡಪಂಥೀಯ ಸರ್ಕಾರಕ್ಕೆ ಮೊದಲು ಮಾನ್ಯತೆ ಕೊಟ್ಟ ದೇಶ ಬ್ರೆಜಿಲ್, ಅದೂ ಬ್ರೆಜಿಲ್ಲಿನಲ್ಲಿ ಕಮ್ಯುನಿಸ್ಟರನ್ನು ಕಂಡರಾಗದ ಮಿಲಿಟರಿ ಆಡಳಿತ ಇದ್ದಾಗ. ಇಲ್ಲಿನ ಹಿರಿಯರು ಅದನ್ನು ಇವತ್ತಿಗೂ ನೆನೆಯುತ್ತಾರೆ. ಆ ನಂಬಿಕೆಯ ಮೇಲೆ ತೈಲದ ಲೆಕ್ಕ ನಿಂತಿತು.

ತೈಲ ಕೊಟ್ಟು ಅಣೆಕಟ್ಟು ಬರುವುದಾದರೆ ಹಿಟ್ಟು ಕೊಟ್ಟು ಯಂತ್ರ ಯಾಕೆ ಬರಬಾರದು? ನಮ್ಮೂರ ಭತ್ತದ ಗಿರಣಿಯವನು ಕೂಲಿ ಬದಲು ತೌಡು ಇಟ್ಟುಕೊಳ್ಳುತ್ತಿದ್ದದ್ದು ನೆನಪಿಗೆ ಬಂತು. ಮಲಾಂಜೆಯ ಒಂದು ಹೆಂಗಸರ ಸಂಘಕ್ಕೆ ಹೋಗಿ, ಕಟ್ಟೆಯ ಮೇಲೆ ಕೂತು ಹೇಳಿದೆ: ಒಂದು ಸೆಟ್ಟಿಗೆ 50 ಕಿಲೋದ 400 ಚೀಲ, ಎರಡು ವರ್ಷದಲ್ಲಿ. ಕ್ವಾಂಜಾ ಏರಲಿ ಇಳಿಯಲಿ, ಚೀಲದ ಲೆಕ್ಕ ಬದಲಾಗದು. ಸಂಘದ ಹಿರಿಯಾಕೆ ನೆಲದ ಮೇಲೆ ಕಡ್ಡಿಯಲ್ಲಿ ಗೀರು ಹಾಕುತ್ತ ಬಹಳ ಹೊತ್ತು ಎಣಿಸಿದರು. ಆಮೇಲೆ, "ಮಳೆಗಾಲದಲ್ಲಿ ಕಡಿಮೆ ಚೀಲ, ಒಣಗಾಲದಲ್ಲಿ ಜಾಸ್ತಿ. ಒಪ್ಪಿದರೆ ಯಂತ್ರ ಇಳಿಸು ಮಗನೇ" ಅಂದರು. ಆ ಒಂದು ಮಾತು ನನ್ನ ಕರಾರಿಗೆ ಜೀವ ಕೊಟ್ಟಿತು. ಅದಿಲ್ಲದಿದ್ದರೆ ಮೊದಲ ಮಳೆಗೇ ಕಂತು ನಿಲ್ಲುತ್ತಿತ್ತು.

ಕ್ವಾಂಜಾ ಬಿದ್ದಾಗ ಲುವಾಂಡಾದಲ್ಲಿ ಹಿಟ್ಟಿನ ಬೆಲೆ ತಾನಾಗಿ ಏರುತ್ತದೆ. ಹಿಟ್ಟು ಮಾರಿದ ದಿನವೇ ಮೋಟಾರಿನವರಿಗೋ ಲಾರಿಯವರಿಗೋ ಪಾವತಿ, ಕ್ವಾಂಜಾ ರಾತ್ರಿ ನಮ್ಮಲ್ಲಿ ಮಲಗುವುದಿಲ್ಲ. ಮೂರನೇ ಕಂಟೇನರಿನ ಮೂರು ಸೆಟ್ಟಿನ 1,200 ಚೀಲದಲ್ಲಿ ನಮಗೆ ಹಾಳಾದದ್ದು ಸುಮಾರು ಮೂವತ್ತು ಚೀಲ. ಎಲ್ಲ ತೆಗೆದು ಸೆಟ್ಟಿಗೆ ಒಂದೂಕಾಲು ಸಾವಿರ ಡಾಲರ್ ಉಳಿದಿದೆ. ಹಿಟ್ಟು ಸರಿಯಾಗಿ ಒಣಗಿದೆಯೋ ಇಲ್ಲವೋ ಅಂತ ಮೀಟರಿಲ್ಲದೆ ಹಿಡಿಯುವ ವಿದ್ಯೆಯನ್ನು ಬ್ರೆಜಿಲ್ಲಿನ ಬಾಹಿಯಾ ರಾಜ್ಯದ ಒಬ್ಬ ಮುದುಕರು ಕಲಿಸಿದರು. ಇಲ್ಲಿ ಬರೆಯುವುದಿಲ್ಲ, ನನ್ನ ಅನ್ನ ಅದರಲ್ಲಿದೆ.

ಬಾಹಿಯಾಕ್ಕೆ ಹೋದದ್ದು ಕ್ರೂಜ್ ದಾಸ್ ಅಲ್ಮಾಸ್ ಊರಿನಲ್ಲಿರುವ, ಬ್ರೆಜಿಲ್ ಸರ್ಕಾರದ ಕೃಷಿ ಸಂಶೋಧನಾ ಸಂಸ್ಥೆ ಎಂಬ್ರಾಪಾದ ಮರಗೆಣಸಿನ ಕೇಂದ್ರ ನೋಡಲು. ಪ್ರೆಸ್ಸಿನಿಂದ ಇಳಿಯುವ ನೀರು ವಿಷ ಎಂದು ಅಲ್ಲಿ ಒತ್ತಿ ಹೇಳಿದ್ದರು. ನಾನು ಇಲ್ಲಿ ಅಷ್ಟು ಒತ್ತಿ ಹೇಳಲಿಲ್ಲ. ನಾಲ್ಕು ಆಡು ಆ ನೀರು ಕುಡಿದು ಸತ್ತವು, ಪರಿಹಾರ ಕೊಟ್ಟೆ. ಈಗ ಮೊದಲು ಇಂಗುಗುಂಡಿ ತೋಡಿ ಬೇಲಿ ಹಾಕಿದರೇನೇ ಯಂತ್ರ ಇಳಿಸುವುದು. ಅದೇ ನೀರಿನ ತಳದಲ್ಲಿ ಕೂರುವ ಪಿಷ್ಟವನ್ನು ತೊಳೆದು ಒಣಗಿಸಿ ಬ್ರೆಜಿಲ್ಲಿನವರ ಹಾಗೆ ಕಾವಲಿಯ ಮೇಲೆ ದೋಸೆ ಹುಯ್ಯಿಸಿ, ತೆಂಗಿನಕಾಯಿ ತುಂಬಿ ಲುವಾಂಡಾದಲ್ಲಿ ಮಾರಿಸಿ ನೋಡಿದೆ. ಶನಿವಾರ, ಭಾನುವಾರ ಹೋಗುತ್ತದೆ, ಮಿಕ್ಕ ದಿನ ಇಲ್ಲ. ನನ್ನ ಹೆಂಡತಿ ಆ ಪಿಷ್ಟದಲ್ಲೇ ಸಂಡಿಗೆ ಇಟ್ಟಳು. ಇಲ್ಲಿನ ಕನ್ನಡದ ಮನೆಗಳಿಗೆಲ್ಲ ಹಂಚಿ, ಇನ್ನೂ ಕೇಳುತ್ತಿದ್ದಾರೆ.

2023ರ ಆಗಸ್ಟಿನಲ್ಲಿ ಬ್ರೆಜಿಲ್ ಅಧ್ಯಕ್ಷ ಲೂಲಾ ಲುವಾಂಡಾಕ್ಕೆ ಬಂದು ಹೋದರು. ಮರುತಿಂಗಳು ಅಂಗೋಲಾ 98 ದೇಶಗಳವರಿಗೆ ಪ್ರವಾಸಿ ವೀಸಾ ಬೇಡವೆಂದಿತು, ಬ್ರೆಜಿಲ್ಲೂ ಭಾರತವೂ ಅದರಲ್ಲಿವೆ. ಯಂತ್ರ ಮಾಡುವವರು ಮೊನ್ನೆ ತಾವೇ ಬಂದು ಮಲಾಂಜೆ ನೋಡಿದರು. ಒಲೆಯ ಮುಂದೆ ನಿಂತು ಬಿಸಿ ಹಿಟ್ಟನ್ನು ಅಂಗೈಗೆ ಹಾಕಿಕೊಂಡು ತಿಂದು, "ನಮ್ಮಜ್ಜಿ ಮಾಡುತ್ತಿದ್ದ ಹಿಟ್ಟು" ಅಂದರು. ನಾಲ್ಕನೇ ಕಂಟೇನರಿಗೆ ಅರ್ಧ ಹಣ ಮುಂಗಡ, ಅರ್ಧ ನೂರ ಇಪ್ಪತ್ತು ದಿನಕ್ಕೆ ಎಂದು ಒಪ್ಪಿದ್ದಾರೆ. ಪರಾನಗುವಾ ಬಂದರಿನಿಂದ ಮುಂದಿನ ವಾರ ಹೊರಡುತ್ತದೆ. ಅದರಲ್ಲಿ ಹಿರಿಯಾಕೆ ಕೇಳಿದ ಎರಡನೇ ಒಲೆಯೂ ಇದೆ. ಅದರ ಬೆಲೆ 130 ಚೀಲ.