ಸದ್ದು ಇಂಗುವ ಹೊತ್ತು: ಮಾಡ್ಯುಲರ್ ಸಿಂಥ್‌ನಲ್ಲಿ ನನ್ನ ದನಿ ಸಿಕ್ಕ ಬಗೆ

ಮಾಡ್ಯುಲರ್ ಸಿಂಥಸೈಜರ್ ಹಿಡಿದು ಎರಡು ವರ್ಷ ಆಗಿತ್ತು. ಮಾಡ್ಯೂಲ್ ಅನ್ನುವ ಬಿಡಿ ಭಾಗಗಳನ್ನು ಕೇಬಲ್‌ನಿಂದ ಜೋಡಿಸಿ ಸದ್ದು ಹುಟ್ಟಿಸುವ ಎಲೆಕ್ಟ್ರಾನಿಕ್ ವಾದ್ಯ ಅದು; ಆ ಜೋಡಣೆಗೆ ಪ್ಯಾಚ್ ಅನ್ನುತ್ತಾರೆ. ಒಂದು ರಾತ್ರಿ ಕೂತು ಅಲ್ಲಿಯವರೆಗಿನ ರೆಕಾರ್ಡಿಂಗ್‌ಗಳನ್ನೆಲ್ಲ ಒಂದರ ಹಿಂದೊಂದು ಕೇಳಿದೆ. ನಲವತ್ತಕ್ಕೂ ಜಾಸ್ತಿ ಇದ್ದವು. ಕೆಲವು ಚೆನ್ನಾಗಿಯೇ ಇದ್ದವು. ಆದರೆ ಒಂದರಲ್ಲೂ ನಾನು ಕಾಣಲಿಲ್ಲ. ಒಂದರಲ್ಲಿ ಆಗಷ್ಟೇ ಕೊಂಡ ಮಾಡ್ಯೂಲ್ ಕೇಳಿಸುತ್ತಿತ್ತು. ಇನ್ನೊಂದರಲ್ಲಿ ವಿಡಿಯೋ ನೋಡಿ ಕಲಿತ ಪ್ಯಾಚ್ ಕೇಳಿಸುತ್ತಿತ್ತು. ಎಲ್ಲದರ ಮೇಲೂ ದಪ್ಪಗೆ ರೆವರ್ಬ್, ಅಂದರೆ ದೊಡ್ಡ ಕೋಣೆಯಲ್ಲಿ ಕೇಳುವಂಥ ಅನುರಣನ. ಅವುಗಳ ಮೇಲೆ ಬೇರೆ ಯಾರ ಹೆಸರು ಬರೆದಿದ್ದರೂ ನಡೆಯುತ್ತಿತ್ತು. ಅದು ನನ್ನನ್ನು ತುಂಬ ಕಾಡಿತು.

ಮೊದಲು ಬಂದ ಯೋಚನೆ, ಇನ್ನೊಂದು ಮಾಡ್ಯೂಲ್ ಕೊಳ್ಳಬೇಕು ಅಂತ. ಯೂರೋರ‍್ಯಾಕ್‌ನಲ್ಲಿ, ಅಂದರೆ ಎಲ್ಲ ತಯಾರಕರೂ ಒಂದೇ ಅಳತೆಗೆ ಮಾಡುವ ಮಾಡ್ಯೂಲ್‌ಗಳ ಬಗೆಯಲ್ಲಿ, ಅದು ಬಹಳ ಸುಲಭ. ಜರ್ಮನಿಯ ಡೀಟರ್ ಡೋಪ್ಫರ್ 1990ರ ದಶಕದ ನಡುವಿನಲ್ಲಿ ಎ-100 ಅನ್ನುವ ಮಾಡ್ಯುಲರ್ ಸಿಂಥ್ ತಂದಾಗ ಇಟ್ಟುಕೊಂಡ ಅಳತೆಗಳನ್ನೇ ಇವತ್ತಿಗೂ ಯೂರೋರ‍್ಯಾಕ್ ತಯಾರಕರು ಪಾಲಿಸುತ್ತಾರೆ. ಎತ್ತರ 128.5 ಮಿಲಿಮೀಟರ್, ಅಗಲಕ್ಕೆ 5.08 ಮಿಲಿಮೀಟರ್‌ನ ಎಚ್‌ಪಿ ಲೆಕ್ಕ, 3.5 ಮಿಲಿಮೀಟರ್ ಜ್ಯಾಕ್. ಯಾರು ಮಾಡಿದ ಮಾಡ್ಯೂಲ್ ಆದರೂ ನಿಮ್ಮ ಕೇಸಿನಲ್ಲಿ, ಅಂದರೆ ಮಾಡ್ಯೂಲ್ ಕೂರಿಸುವ ಪೆಟ್ಟಿಗೆಯಲ್ಲಿ, ಕೂರುತ್ತದೆ. ಹಾಗಾಗಿ ಖಾಲಿ ಜಾಗ ಕಂಡರೆ ತುಂಬಬೇಕು ಅನಿಸುತ್ತದೆ. ನನ್ನ ಕೇಸು 84 ಎಚ್‌ಪಿಯ ಒಂದು ಸಾಲಿನಿಂದ ಮೂರು ಸಾಲಿಗೆ ಬೆಳೆದಿತ್ತು. ಎಲ್ಲದರ ಕೈಪಿಡಿ ಓದಿದ್ದೆ. ಕಣ್ಣು ಮುಚ್ಚಿಕೊಂಡು ನುಡಿಸುವಷ್ಟು ಪಳಗಿದ ಮಾಡ್ಯೂಲ್ ಮಾತ್ರ ಒಂದೂ ಇರಲಿಲ್ಲ.

ಆ ಸಲ ಏನೂ ಕೊಳ್ಳಲಿಲ್ಲ. ಬದಲಿಗೆ ಪೆನ್ಸಿಲ್ ಹಿಡಿದು ಅದೇ ರೆಕಾರ್ಡಿಂಗ್‌ಗಳನ್ನು ಮತ್ತೆ ಕೇಳಿದೆ. ಚೆನ್ನಾಗಿದೆಯೋ ಇಲ್ಲವೋ ಅಂತ ನೋಡಲಿಲ್ಲ. ಎಲ್ಲಿ ಕಿವಿ ತಾನಾಗಿ ನಿಮಿರುತ್ತದೋ ಅಲ್ಲಿ ನಿಮಿಷ, ಸೆಕೆಂಡ್ ಬರೆದುಕೊಂಡೆ, ಅಷ್ಟೆ. ಒಂದು ವಾರ ಬಿಟ್ಟು, ಹಳೆಯ ಗುರುತು ನೋಡದೆ, ಇನ್ನೊಂದು ಸಲ ಅದನ್ನೇ ಮಾಡಿದೆ. ಎರಡೂ ಸಲ ಒಂದೇ ಕಡೆ ಬಿದ್ದ ಗುರುತುಗಳನ್ನು ಉಳಿಸಿಕೊಂಡೆ. ಸುಮಾರು ಮೂವತ್ತು ಸಿಕ್ಕವು. ಅವನ್ನು ಬರೀ ಐದೈದು ಸೆಕೆಂಡಿನ ತುಣುಕುಗಳಾಗಿ ಕತ್ತರಿಸಿ ಕೇಳಿದಾಗ ವಿಷಯ ಬಯಲಾಯಿತು. ಹೆಚ್ಚು ಕಡಿಮೆ ಎಲ್ಲವೂ ಸದ್ದು ಮುಗಿಯುವ ಜಾಗಗಳು! ಒಂದು ಸ್ವರ ಆರುತ್ತಾ ಆರುತ್ತಾ ಸ್ವಲ್ಪ ಕೆಳಗಿಳಿದದ್ದು. ಸದ್ದಿನ ಹೊಳಪನ್ನು ಸೋಸುವ ಫಿಲ್ಟರ್ ಮುಚ್ಚುವಾಗ ಕೊನೆಯಲ್ಲಿ ಉಳಿದ ಒಂದು ಗುಂಯ್. ನೀರು ಮಣ್ಣಿಗೆ ಇಂಗುವ ಹಾಗೆ ಸದ್ದು ಮೌನಕ್ಕೆ ಇಂಗುವ ಹೊತ್ತು. ಎರಡು ವರ್ಷ ನಾನು ಸ್ವರ ಹುಟ್ಟಿಸುವ ಆಸಿಲೇಟರ್‌ಗಳ ಬಣ್ಣದ ಹಿಂದೆ ಓಡಿದ್ದೆ. ನನ್ನ ಕಿವಿ ಆಗಲೇ ಬೇರೆ ಜಾಗ ಆರಿಸಿಕೊಂಡಿತ್ತು.

ಇದು ತಿಳಿದ ಮೇಲೆ ಕೇಸನ್ನು ಖಾಲಿ ಮಾಡಿದೆ. ಮೂರು ತಿಂಗಳು ಆರೇ ಮಾಡ್ಯೂಲ್ ಅಂತ ನಿಯಮ ಮಾಡಿಕೊಂಡೆ: ಒಂದು ಆಸಿಲೇಟರ್, ಒಂದು ಲೋ ಪಾಸ್ ಗೇಟ್, ಒಂದು ಫಿಲ್ಟರ್, ಒಂದು ವಿಸಿಎ (ವೋಲ್ಟೇಜ್ ಹೇಳಿದಷ್ಟು ಸಿಗ್ನಲ್ಲನ್ನು ಏರಿಳಿಸುವುದು), ಒಂದು ಫಂಕ್ಷನ್ ಜನರೇಟರ್ (ಏರಿ ಇಳಿಯುವ ವೋಲ್ಟೇಜ್ ಕೊಡುವುದು), ಒಂದು ರ‍್ಯಾಂಡಮ್ ವೋಲ್ಟೇಜ್ ಮೂಲ (ಮುಂಚೆ ಹೇಳಲಾಗದ ಹಾಗೆ ಬದಲಾಗುವ ವೋಲ್ಟೇಜ್ ಕೊಡುವುದು). ವೋಲ್ಟೇಜ್ ತಗ್ಗಿಸುವ ಅಟೆನ್ಯುಯೇಟರ್ ಮತ್ತು ಸದ್ದು ಬೆರೆಸುವ ಮಿಕ್ಸರ್ ಲೆಕ್ಕಕ್ಕಿಲ್ಲ. ಸ್ವರಗಳನ್ನು ಸಾಲಾಗಿ ನುಡಿಸುವ ಸೀಕ್ವೆನ್ಸರ್ ಹೊರಗೆ. ರೆವರ್ಬ್ ಕೂಡ ಹೊರಗೆ, ಯಾಕೆಂದರೆ ನಾನು ಯಾವುದನ್ನು ಕೇಳಬೇಕೋ ಅದನ್ನೇ ಅದು ಮುಚ್ಚಿಬಿಡುತ್ತಿತ್ತು. ಸದ್ದಿನ ಸ್ವಂತ ಕೊನೆ ಹೇಗಿದೆ ಅಂತ ಗೊತ್ತಾಗದ ಹಾಗೆ ಅದರ ಮೇಲೆ ಇನ್ನೊಂದು ಕೊನೆಯನ್ನು ಹೊದಿಸುತ್ತಿತ್ತು.

ಈ ಧೈರ್ಯ ನನಗೆ ಫ್ರಾನ್ಸಿನ ಸಂಗೀತ ರಚನಾಕಾರ್ತಿ ಎಲಿಯಾನ್ ರಾಡಿಗ್ ಅವರಿಂದ ಬಂತು. ಅವರು 1970ರ ದಶಕದ ಮೊದಲಲ್ಲಿ ಆರ್ಪ್ 2500 ಅನ್ನುವ ಮಾಡ್ಯುಲರ್ ಸಿಂಥ್ ಕೊಂಡಾಗ ಕೀಬೋರ್ಡನ್ನು ಅಲ್ಲೇ ಬಿಟ್ಟು, ಯಂತ್ರವನ್ನಷ್ಟೇ ಮನೆಗೆ ತಂದರು. ಕೀಲಿಗಳಿದ್ದರೆ ಬೆರಳು ಅವುಗಳ ಕಡೆಗೇ ಹೋಗುತ್ತದೆ, ಅಲ್ವಾ? ಮುಂದೆ ಸುಮಾರು ಮೂವತ್ತು ವರ್ಷ ಅವರು ಅದೊಂದು ಸಿಂಥ್‌ನಲ್ಲೇ, ನಿಧಾನವಾಗಿ ನಾಬ್ ತಿರುಗಿಸುತ್ತಾ ಸಂಗೀತ ಕಟ್ಟಿದರು. ಅವರ ಸಂಗೀತವನ್ನು ಯಾರದ್ದು ಅಂತ ಹೇಳದೆ ಹಾಕಿದರೂ ಒಂದೆರಡು ನಿಮಿಷದಲ್ಲಿ ಗುರುತು ಸಿಗುತ್ತದೆ. ಏನು ಬಿಡಬೇಕು ಅನ್ನುವುದೂ ನುಡಿಸಾಣಿಕೆಯ ಒಂದು ಭಾಗ ಅಂತ ನನಗೆ ಮನದಟ್ಟಾದದ್ದು ಹಾಗೆ.

ಆ ಮೂರು ತಿಂಗಳಲ್ಲಿ ಅರ್ಧಕ್ಕೂ ಜಾಸ್ತಿ ಹೊತ್ತು ಲೋ ಪಾಸ್ ಗೇಟ್ ಜೊತೆಯಲ್ಲೇ ಕಳೆದೆ. ಅಮೆರಿಕದ ಸಿಂಥ್ ತಯಾರಕ ಡಾನ್ ಬುಕ್ಲಾ ಅವರ ಯಂತ್ರಗಳಿಂದ ಬಂದ ಸಾಧನ ಇದು. ಸದ್ದಿನ ಜೋರನ್ನೂ ಹೊಳಪನ್ನೂ ಒಟ್ಟಿಗೆ ಕಡಿಮೆ ಮಾಡುತ್ತದೆ. ಹಳೆಯ ಬಗೆಯ ಗೇಟಿನಲ್ಲಿ ವ್ಯಾಕ್ಟ್ರೋಲ್ ಅನ್ನುವ ಪುಟ್ಟ ಭಾಗ ಇರುತ್ತದೆ. ಅದರೊಳಗೆ ಒಂದು ಎಲ್‌ಇಡಿ, ಅದರ ಎದುರಿಗೆ ಬೆಳಕಿಗೆ ಸ್ಪಂದಿಸುವ ಒಂದು ರೆಸಿಸ್ಟರ್. ವೋಲ್ಟೇಜ್ ಬಂದಾಗ ಎಲ್‌ಇಡಿ ಹೊತ್ತಿಕೊಳ್ಳುತ್ತದೆ, ಗೇಟು ಬೇಗ ತೆರೆಯುತ್ತದೆ. ಎಲ್‌ಇಡಿ ಆರಿದ ಮೇಲೂ ರೆಸಿಸ್ಟರ್ ತನ್ನ ಮೊದಲಿನ ಸ್ಥಿತಿಗೆ ನಿಧಾನವಾಗಿ ಮರಳುತ್ತದೆ. ಹಾಗಾಗಿ ಸದ್ದು ಮೊದಲು ಬೇಗ ಇಳಿದು, ಆಮೇಲೆ ಎಳೆದುಕೊಂಡು ಹೋಗುತ್ತದೆ. ಮರದ ತುಂಡಿಗೆ ಬಡಿದ ಹಾಗೆ ಕೇಳಿಸುವುದು ಇದರಿಂದಲೇ.

ಇಲ್ಲಿ ನಾನು ಮಾಡಿದ್ದು ಮೂರು ಕೆಲಸ. ಮೊದಲು, ಹೊಡೆತದ, ಅಂದರೆ ಗೇಟು ತೆರೆಯಲು ಕೊಡುವ ವೋಲ್ಟೇಜ್ ಮಿಡಿತದ, ಉದ್ದ ಹುಡುಕಿದೆ. ತೀರ ಚಿಕ್ಕ ಟ್ರಿಗರ್ ಕೊಟ್ಟರೆ ವ್ಯಾಕ್ಟ್ರೋಲ್ ಪೂರ್ತಿ ತೆರೆಯುವುದೇ ಇಲ್ಲ. ಫಂಕ್ಷನ್ ಜನರೇಟರ್‌ನಿಂದ 10ರಿಂದ 20 ಮಿಲಿಸೆಕೆಂಡಿನ ಪಲ್ಸ್ ಮಾಡಿ ಕೊಟ್ಟಾಗ ನನ್ನ ಗೇಟು ಚೆನ್ನಾಗಿ ಮಿಡಿಯಿತು. ಆಮೇಲೆ, ಆ ಪಲ್ಸನ್ನು ವಿಸಿಎ ಮೂಲಕ ಕಳಿಸಿ ಅದರ ಎತ್ತರವನ್ನು ರ‍್ಯಾಂಡಮ್ ವೋಲ್ಟೇಜ್‌ಗೆ ಬಿಟ್ಟೆ. ಒಂದು ಸಲ 3 ವೋಲ್ಟ್, ಇನ್ನೊಂದು ಸಲ 8. ಎತ್ತರದ ಹೊಡೆತ ಬರೀ ಜೋರಾಗಿ ಕೇಳಿಸುವುದಿಲ್ಲ. ಹೊಳಪೂ ಜಾಸ್ತಿ, ಆರಲು ಬೇಕಾದ ಹೊತ್ತೂ ಜಾಸ್ತಿ. ಒಂದೇ ಸ್ವರ ಹತ್ತು ಸಲ ಬಂದರೂ ಹತ್ತು ಬಗೆಯಲ್ಲಿ ಮುಗಿಯತೊಡಗಿತು. ಮೂರನೆಯದು ನನಗೆ ತುಂಬ ಪ್ರಿಯವಾದದ್ದು: ಹಿಂದಿನ ಹೊಡೆತ ಪೂರ್ತಿ ಆರುವ ಮೊದಲೇ ಇನ್ನೊಂದು ಕೊಡುವುದು. ವ್ಯಾಕ್ಟ್ರೋಲ್ ಇನ್ನೂ ಅರೆತೆರೆದೇ ಇರುವುದರಿಂದ ಎರಡನೆಯ ಹೊಡೆತ ಬೇರೆ ಥರ ಬರುತ್ತದೆ. ಹಿಂದೆ ಏನಾಯಿತು ಅನ್ನುವುದು ಅದಕ್ಕೆ ನೆನಪಿರುತ್ತದೆ.

ಫಿಲ್ಟರ್‌ನದ್ದು ಚಿಕ್ಕ ಮಾತು. ರೆಸೊನೆನ್ಸನ್ನು, ಅಂದರೆ ಫಿಲ್ಟರ್ ಒಂದು ಸ್ವರವನ್ನು ಎತ್ತಿ ಹಿಡಿಯುವ ಗುಣವನ್ನು, ಅದು ತಾನೇ ಹಾಡತೊಡಗುವ ಅಂಚಿನ ಸ್ವಲ್ಪ ಕೆಳಗೆ ಇಟ್ಟು, ಒಂದು ಪಲ್ಸ್ ಕೊಟ್ಟರೆ ಗಂಟೆಯ ಹಾಗೆ ಮೊಳಗುತ್ತದೆ. ಆ ಅಂಚಿನಲ್ಲಿ ನಾಬನ್ನು ಕೂದಲೆಳೆಯಷ್ಟು ತಿರುಗಿಸಿದರೂ ಮೊಳಗಿನ ಉದ್ದ ಎರಡು ಪಟ್ಟು ಆಗಬಹುದು. ಅಲ್ಲಿ ಕೈಯಿಂದ ತಿರುಗಿಸುವುದಕ್ಕಿಂತ, ನಿಧಾನವಾಗಿ ಬದಲಾಗುವ ರ‍್ಯಾಂಡಮ್ ವೋಲ್ಟೇಜ್ ಒಳ್ಳೆಯದು. ಗೇಟಿನ ಒಣ ಸದ್ದಿನ ಹಿಂದೆ ಇದನ್ನು ಮೆಲ್ಲಗೆ ಬೆರೆಸಿದೆ.

ಇಷ್ಟಾದರೂ ಏನೋ ಕಡಿಮೆ ಅನಿಸುತ್ತಿತ್ತು. ಮತ್ತೆ ಆ ಐದು ಸೆಕೆಂಡಿನ ತುಣುಕುಗಳನ್ನು ಕೇಳಿದೆ. ಅವುಗಳಲ್ಲಿ ಕೆಲವು ಆರುವಾಗ ಶ್ರುತಿಯಲ್ಲಿ ಚೂರು ಇಳಿಯುತ್ತಿದ್ದವು. ಜೋರಾಗಿ ಮೀಟಿದ ತಂತಿಯೂ ಹೀಗೇ ಮಾಡುತ್ತದೆ. ಎಳೆತ ಜಾಸ್ತಿ ಇರುವಾಗ ಸ್ವಲ್ಪ ಮೇಲೆ, ಸದ್ದು ತಗ್ಗಿದಂತೆ ತನ್ನ ಜಾಗಕ್ಕೆ. ಇದನ್ನು ಬೇಕೆಂದೇ ಮಾಡಲು ಎನ್ವಲಪ್ ಫಾಲೋವರ್ ಸೇರಿಸಿಕೊಂಡೆ. ಸದ್ದು ಎಷ್ಟು ಜೋರಾಗಿದೆ ಅನ್ನುವುದನ್ನು ಅದು ವೋಲ್ಟೇಜ್ ಆಗಿ ಕೊಡುತ್ತದೆ. ಆ ವೋಲ್ಟೇಜನ್ನು ಆಸಿಲೇಟರ್‌ನ ಶ್ರುತಿಗೆ ಕೊಡಬೇಕು, ತುಂಬ ತುಂಬ ಕಡಿಮೆ ಮಾಡಿ.

ಎಷ್ಟು ಕಡಿಮೆ? ಒಂದು ವೋಲ್ಟ್‌ಗೆ ಒಂದು ಆಕ್ಟೇವ್ (ಹನ್ನೆರಡು ಅರ್ಧ ಸ್ವರ) ಅನ್ನುವ ಲೆಕ್ಕದಲ್ಲಿ ಅರ್ಧ ಸ್ವರಕ್ಕೆ ಸುಮಾರು 83 ಮಿಲಿವೋಲ್ಟ್. ನನಗೆ ಬೇಕಿದ್ದದ್ದು 10ರಿಂದ 20 ಮಿಲಿವೋಲ್ಟ್, ಅಂದರೆ 12ರಿಂದ 24 ಸೆಂಟ್ (ಅರ್ಧ ಸ್ವರದ ನೂರನೇ ಒಂದು ಭಾಗ ಒಂದು ಸೆಂಟ್). ಒಂದು ಅಟೆನ್ಯುಯೇಟರ್‌ನಲ್ಲಿ ಅದನ್ನು ಹಿಡಿಯಲು ಹೋದರೆ ಆಗುವುದಿಲ್ಲ. ನಾಬ್ ಮುಟ್ಟಿದರೆ ಸಾಕು, ಅರ್ಧ ಸ್ವರ ಹಾರುತ್ತದೆ. ವಾರಗಟ್ಟಲೆ ಇದರ ಜೊತೆ ಹೆಣಗಿದೆ. ಪರಿಹಾರ ಬಹಳ ಸರಳವಾಗಿತ್ತು: ಎರಡು ಅಟೆನ್ಯುಯೇಟರ್‌ಗಳನ್ನು ಒಂದರ ಹಿಂದೆ ಒಂದು ಜೋಡಿಸುವುದು. ಮೊದಲನೆಯದು ಹತ್ತನೆಯ ಒಂದು ಭಾಗಕ್ಕೆ ಇಳಿಸಿದರೆ, ಎರಡನೆಯದರ ಇಡೀ ಸುತ್ತು ಸಣ್ಣ ಅಳತೆಗೆ ಸಿಗುತ್ತದೆ. ಅವತ್ತು ರಾತ್ರಿ ನನ್ನ ಯಂತ್ರದಿಂದ ಮೊದಲ ಸಲ ನನಗೆ ಪರಿಚಯದ ದನಿ ಕೇಳಿಸಿತು. ಎದ್ದು ಕೋಣೆಯಲ್ಲಿ ಎರಡು ಸುತ್ತು ಹಾಕಿ ಬಂದು ಮತ್ತೆ ಕೇಳಿದೆ. ಮಾಡ್ಯುಲರ್‌ನಲ್ಲಿ ಹೊಸಬರಿಗೆ ನಾನು ಹೇಳುವ ಮೊದಲ ಮಾತೂ ಇದೇ. ಅಟೆನ್ಯುಯೇಟರ್‌ಗಳು ಜಾಸ್ತಿ ಇರಲಿ. ದೊಡ್ಡ ಚಲನೆಗಳು ಎಲ್ಲರ ಪ್ಯಾಚಿನಲ್ಲೂ ಒಂದೇ ಥರ ಕೇಳಿಸುತ್ತವೆ. ಸಣ್ಣ ಚಲನೆಯಲ್ಲಿ ಒಬ್ಬೊಬ್ಬರ ಕೈ ಒಂದೊಂದು ಥರ.

ಆಮೇಲೆ ಎದುರಾದದ್ದು ಲಯದ ತೊಂದರೆ. ಅಲ್ಲಿಯವರೆಗೆ ಫಂಕ್ಷನ್ ಜನರೇಟರ್ ತನ್ನಷ್ಟಕ್ಕೆ ಸುತ್ತುತ್ತಾ ಹೊಡೆತ ಕೊಡುತ್ತಿತ್ತು. ಸದ್ದು ಇನ್ನೂ ಇಂಗುತ್ತಿರುವಾಗಲೇ ಮುಂದಿನದು ಬಂದು ಅದನ್ನು ಕತ್ತರಿಸುತ್ತಿತ್ತು. ನಿಧಾನ ಮಾಡಿದರೆ ಚಿಕ್ಕ ಸದ್ದುಗಳ ನಂತರ ಅರ್ಥವಿಲ್ಲದ ಖಾಲಿ. ಸದ್ದು ತಾನು ಮುಗಿದಾಗ ತಾನೇ ಹೇಳಬೇಕು ಅನಿಸಿತು. ಒಂದು ಎನ್ವಲಪ್ (ಸದ್ದಿನ ಏರಿಳಿತ ನಿರ್ಧರಿಸುವ ವೋಲ್ಟೇಜ್) ಮುಗಿದಾಗ ಇನ್ನೊಂದು ಶುರುವಾಗುವುದು ಹೊಸ ವಿಚಾರವೇನಲ್ಲ. ಕ್ರೆಲ್ ಪ್ಯಾಚ್ ಅಂತ ಕರೆಯುವ ಪ್ಯಾಚಿನ ಜೀವ ಅದೇ. ನಾನು ಮಾಡಿದ ಬದಲಾವಣೆ ಇಷ್ಟು: ಎನ್ವಲಪ್ ಮುಗಿಯುವುದನ್ನು ಬಿಟ್ಟು, ಕಿವಿಗೆ ಬೀಳುವ ಸದ್ದೇ ಮುಗಿಯುವುದನ್ನು ಕಾಯುವ ಹಾಗೆ ಮಾಡಿದೆ. ಎನ್ವಲಪ್ ಫಾಲೋವರ್‌ನ ವೋಲ್ಟೇಜನ್ನು, ಎರಡು ವೋಲ್ಟೇಜ್ ಹೋಲಿಸುವ ಕಂಪ್ಯಾರೇಟರ್‌ಗೆ ಕೊಟ್ಟು, ಅದು ಒಂದು ಗೆರೆಗಿಂತ ಕೆಳಗಿಳಿದಾಗ ಮುಂದಿನ ಹೊಡೆತ.

ಮೊದಲ ದಿನ ಏನೂ ಆಗಲಿಲ್ಲ. ಮೌನದಲ್ಲಿ ವೋಲ್ಟೇಜ್ ಆಗಲೇ ಗೆರೆಯ ಕೆಳಗಿರುತ್ತದೆ, ಇಳಿಯಲು ಏನೂ ಇಲ್ಲ. ಮೊದಲ ಹೊಡೆತವನ್ನು ಕೈಯಿಂದ ಕೊಡಬೇಕು ಅಂತ ಹೊಳೆಯಲು ಒಂದು ಗಂಟೆ ಹಿಡಿಯಿತು. ಈಗ ಪ್ರತಿ ಸಲ ನುಡಿಸುವಾಗಲೂ ಆ ಮೊದಲ ಹೊಡೆತ ನನ್ನದು, ಅದು ನನಗೆ ತುಂಬ ಇಷ್ಟ. ಎರಡನೆಯ ದಿನ ಇನ್ನೊಂದು ತೊಡಕು. ಫಾಲೋವರ್‌ನ ವೋಲ್ಟೇಜ್ ನಯವಾಗಿರುವುದಿಲ್ಲ, ಅಲೆ ಅಲೆಯಾಗಿ ನಡುಗುತ್ತಾ ಇಳಿಯುತ್ತದೆ. ಗೆರೆಯ ಹತ್ತಿರ ಬಂದಾಗ ಮೇಲೆ ಕೆಳಗೆ ಹಾರಿ ಒಂದು ಹೊಡೆತದ ಜಾಗದಲ್ಲಿ ಐದಾರು ಬೀಳುತ್ತಿದ್ದವು. ಫಂಕ್ಷನ್ ಜನರೇಟರ್‌ನ ಇನ್ನೊಂದು ಅರ್ಧವನ್ನು ನಡುವೆ ವೋಲ್ಟೇಜ್ ಬದಲಾಗುವುದನ್ನು ನಿಧಾನ ಮಾಡುವ ಸ್ಲ್ಯೂ ಲಿಮಿಟರ್ ಆಗಿ ಹಾಕಿದೆ, ನಡುಕ ತಗ್ಗಿತು. ಪೂರ್ತಿ ನಿಲ್ಲಿಸಲಿಲ್ಲ ಮತ್ತೆ. ಆಗೊಮ್ಮೆ ಈಗೊಮ್ಮೆ ಎರಡು ಹೊಡೆತ ಒಟ್ಟಿಗೆ ಬೀಳುವಷ್ಟು ಬಿಟ್ಟಿದ್ದೇನೆ. ಆಗ ವ್ಯಾಕ್ಟ್ರೋಲ್‌ನ ನೆನಪು ಕೆಲಸಕ್ಕೆ ಬರುತ್ತದೆ.

ಹೀಗೆ ಸಮನಾಗಿ ತಾಳ ಕೊಡುವ ಕ್ಲಾಕ್ ಇಲ್ಲದ ಲಯವೊಂದು ಸಿಕ್ಕಿತು. ಜೋರಾದ ಹೊಡೆತದ ನಂತರ ದೀರ್ಘ ಬಿಡುವು, ಮೆಲ್ಲನೆಯದರ ನಂತರ ಚಿಕ್ಕದು. ಉಸಿರಾಟದ ಹಾಗೆ. ಕಂಪ್ಯಾರೇಟರ್‌ನ ಗೆರೆಯ ನಾಬೇ ಈಗ ನನ್ನ ಮುಖ್ಯ ವಾದ್ಯ. ಮೇಲೆತ್ತಿದರೆ ಸದ್ದುಗಳು ಒಂದರ ಹೆಗಲ ಮೇಲೆ ಒಂದು ಬರುತ್ತವೆ, ಇಳಿಸಿದರೆ ಪ್ರತಿಯೊಂದೂ ಪೂರ್ತಿ ಇಂಗುವವರೆಗೆ ಕಾಯುತ್ತವೆ.

ಇದು ನನ್ನ ದನಿಯೋ, ಫಾಲೋವರ್, ಕಂಪ್ಯಾರೇಟರ್ ಸೇರಿ ಈ ಎಂಟು ಮಾಡ್ಯೂಲ್‌ಗಳ ದನಿಯೋ ಅನ್ನುವ ಅನುಮಾನ ಇತ್ತು. ಅದಕ್ಕೆ ಕಂಪ್ಯೂಟರ್‌ನಲ್ಲಿ ಮಾಡ್ಯುಲರ್ ಸಿಂಥನ್ನು ಅನುಕರಿಸುವ ವಿಸಿವಿ ರ‍್ಯಾಕ್ ತೆರೆದು, ಹಳೆಯ ಪ್ಯಾಚ್ ನೋಡದೆ, ಬೇರೆಯದೇ ಮಾಡ್ಯೂಲ್‌ಗಳಿಂದ ನುಡಿಸಿದೆ. 2017ರಲ್ಲಿ ಬಂದ ಈ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಕೈಯಲ್ಲಿ ಯಂತ್ರ ಇಲ್ಲದವರೂ ಇದರಲ್ಲೇ ಎಲ್ಲ ಮಾಡಬಹುದು. ಲೋ ಪಾಸ್ ಗೇಟಿನ ಬದಲು ಸಾದಾ ವಿಸಿಎ ಮತ್ತು ಫಿಲ್ಟರ್ ಹಾಕಿದ್ದೆ. ಕಾಯುವ ಲಯ ಹಾಗೇ ಬಂತು. ಶ್ರುತಿಯ ಇಳಿತವೂ ಬಂತು. ಹೊಡೆತಗಳ ನೆನಪು ಮಾತ್ರ ಬರಲಿಲ್ಲ, ಅದು ವ್ಯಾಕ್ಟ್ರೋಲ್‌ನದ್ದೇ. ಕೇಳಿದ ತಕ್ಷಣ ನನ್ನದು ಅಂತ ಗೊತ್ತಾಗುವಷ್ಟು ಉಳಿದಿತ್ತು. ನನಗೆ ಅಷ್ಟು ಸಾಕಾಗಿತ್ತು.

ಬೇರೆಯವರ ಪ್ಯಾಚ್ ನಕಲು ಮಾಡಬಾರದು ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ನಕಲು ಮಾಡಿದ ಎರಡು ವರ್ಷಗಳ ರೆಕಾರ್ಡಿಂಗ್ ಇಲ್ಲದಿದ್ದರೆ ಪೆನ್ಸಿಲ್ ಹಿಡಿದು ಗುರುತು ಹಾಕಲು ನನ್ನ ಹತ್ತಿರ ಏನೂ ಇರುತ್ತಿರಲಿಲ್ಲ. ನಕಲು ಮಾಡುವಾಗಲೂ ಕೈ ಎಲ್ಲೋ ಒಂದು ಕಡೆ ಜಾರುತ್ತದೆ. ಆ ಜಾರಿದ ಜಾಗ ಸಿಗಬೇಕಾದರೆ ಎಲ್ಲವನ್ನೂ ರೆಕಾರ್ಡ್ ಮಾಡಿರಬೇಕು. ಪ್ಯಾಚಿನ ಫೋಟೋ ಅಷ್ಟು ಉಪಯೋಗಕ್ಕೆ ಬರುವುದಿಲ್ಲ, ಕೇಬಲ್‌ಗಳು ನಾಬ್‌ಗಳನ್ನು ಮುಚ್ಚಿರುತ್ತವೆ. ನಾನು ಹಾಳೆಯಲ್ಲಿ ನಾಲ್ಕು ಸಾಲು ಬರೆಯುತ್ತೇನೆ: ಏನು ಎಲ್ಲಿಗೆ ಹೋಗುತ್ತದೆ, ಯಾವ ನಾಬನ್ನು ಹೆಚ್ಚು ಸಲ ಮುಟ್ಟಿದೆ, ಎಲ್ಲಿ ನಿಲ್ಲಿಸಲು ಮನಸ್ಸಾಗಲಿಲ್ಲ, ಎಲ್ಲಿ ಬೇಜಾರಾಯಿತು. ಬೇಜಾರಾದ ಜಾಗ ಬರೆಯುವುದನ್ನು ಬಿಡಬೇಡಿ. ಮಾಡ್ಯೂಲ್ ತೆಗೆದುಹಾಕುವಾಗ ನಾನು ನೋಡುವುದು ಆ ಸಾಲನ್ನೇ.

ರೆವರ್ಬ್ ಒಂದು ವರ್ಷದ ನಂತರ ವಾಪಸ್ ಬಂತು. ಎನ್ವಲಪ್ ಫಾಲೋವರ್ ಅದಕ್ಕಿಂತ ಮುಂಚೆಯೇ ಸದ್ದನ್ನು ಕೇಳಿಸಿಕೊಳ್ಳುವ ಹಾಗೆ ಜೋಡಿಸಿದ್ದೇನೆ. ಈಗ ಕೇಸಿನಲ್ಲಿ ಎರಡು ದನಿಗಳಿವೆ. ಮೊದಲನೆಯದರ ಕೊನೆಗೆ ಎರಡನೆಯದು ಕಾಯುತ್ತದೆ, ಎರಡನೆಯದರ ಕೊನೆಗೆ ಮೊದಲನೆಯದು. ಕೆಲವೊಮ್ಮೆ ಎರಡೂ ಕಾಯುತ್ತಾ ಸುಮ್ನೆ ನಿಂತುಬಿಡುತ್ತವೆ. ಹಾಗೆ ನಿಂತಾಗ ತಕ್ಷಣ ಕೈಯಿಂದ ಹೊಡೆತ ಕೊಡಬೇಕೋ, ಆ ಮೌನವನ್ನು ಇನ್ನಷ್ಟು ಹೊತ್ತು ಇರಲು ಬಿಡಬೇಕೋ ಅನ್ನುವುದು ಇನ್ನೂ ತೀರ್ಮಾನ ಆಗಿಲ್ಲ. ನಿನ್ನೆ ಎರಡೂ ಥರ ನುಡಿಸಿ ರೆಕಾರ್ಡ್ ಮಾಡಿಟ್ಟಿದ್ದೇನೆ. ಒಂದು ವಾರ ಬಿಟ್ಟು, ಪೆನ್ಸಿಲ್ ಹಿಡಿದು ಕೇಳಬೇಕು.