ದುಡ್ಡು ಖರ್ಚಿಲ್ಲದೆ ರೌಟರ್ ಕಾನ್ಫಿಗರೇಶನ್: ನಾಲ್ಕು ಊರುಗಳ ಒಂದು ಲ್ಯಾಬ್

ರೌಟರ್ ಕಲಿಯಬೇಕೆಂದು ಸೆಕೆಂಡ್ ಹ್ಯಾಂಡ್ ಸಿಸ್ಕೊ 2600 ಹುಡುಕಿಕೊಂಡು ಹೋಗುವುದು ಬೇಡ ಮಾರಾಯ್ರೆ. ಫ್ಯಾನಿನ ಸದ್ದು, ಮಂಗಳೂರಿನ ಸೆಖೆಗೆ ಇನ್ನಷ್ಟು ಬಿಸಿ, ಮೇಲಿಂದ ಮೆಸ್ಕಾಂ ಬಿಲ್ಲು. ಅದರೊಳಗಿನ ಐಒಎಸ್ (ಸಿಸ್ಕೊ ರೌಟರಿನ ಆಪರೇಟಿಂಗ್ ಸಿಸ್ಟಂ) ಕೂಡ ಓಬೀರಾಯನ ಕಾಲದ್ದು. 8 ಜಿಬಿ ರ್‍ಯಾಮ್ ಇರುವ ಲ್ಯಾಪ್‌ಟಾಪ್ ಇಲ್ಲಿ ಹೇಳುವ ಹೆಚ್ಚಿನ ಲ್ಯಾಬಿಗೆ ಸಾಕು. ಮಳೆಗಾಲದಲ್ಲಿ ಕರೆಂಟ್ ಹೋದರೂ ಅದರ ಬ್ಯಾಟರಿಯಲ್ಲಿ ಲ್ಯಾಬ್ ನಡೆಯುತ್ತದೆ.

ಸಾಫ್ಟ್‌ವೇರ್ ಯಾವುದು ಎನ್ನುವುದಕ್ಕಿಂತ ಮೊದಲು ನಕ್ಷೆ ಬೇಕು. ನಾನು ಎಲ್ಲ ಸಾಫ್ಟ್‌ವೇರಿನಲ್ಲೂ ಕಟ್ಟುವುದು ಒಂದೇ ನಕ್ಷೆ. ಮಂಗಳೂರು, ಮೂಲ್ಕಿ, ಉಡುಪಿ, ಕಾರ್ಕಳ ಹೀಗೆ ನಾಲ್ಕು ರೌಟರು. ಮಂಗಳೂರಿನಿಂದ ಉಡುಪಿಗೆ ಮೂಲ್ಕಿ ಮೇಲೆ ಒಂದು ದಾರಿ, ಕಾರ್ಕಳ ಸುತ್ತಿ ಇನ್ನೊಂದು. ಒಟ್ಟಿಗೆ ಒಂದು ರಿಂಗ್. ಲಿಂಕುಗಳಿಗೆ 10.0.12.0/30, 10.0.23.0/30, 10.0.34.0/30, 10.0.14.0/30. ರೌಟರುಗಳಿಗೆ ಕ್ರಮವಾಗಿ 1ರಿಂದ 4ರ ನಂಬರ್, ಹಾಗಾಗಿ 23 ಎಂದರೆ ಮೂಲ್ಕಿ–ಉಡುಪಿ ಲಿಂಕ್ ಎಂದು ನೋಡಿದ ಕೂಡಲೇ ಗೊತ್ತಾಗುತ್ತದೆ. ಲೂಪ್‌ಬ್ಯಾಕ್ (ರೌಟರಿನೊಳಗಿನ, ಕೇಬಲ್ ಬೇಡದ ವಿಳಾಸ) 10.255.0.1ರಿಂದ 10.255.0.4. ಮಂಗಳೂರಿನ ಲ್ಯಾನ್ 192.168.10.0/24, ಉಡುಪಿಯದ್ದು 192.168.30.0/24. ರೌಟರುಗಳು ತಾವೇ ದಾರಿ ಕಂಡುಕೊಳ್ಳಲು ಓಎಸ್‌ಪಿಎಫ್ ಎಂಬ ವಿಧಾನ ಉಂಟು. ಕಾರ್ಕಳದ ಕಡೆಯ ಲಿಂಕುಗಳಿಗೆ ಅದರ ಕಾಸ್ಟ್ (ದಾರಿಯ ದುಬಾರಿತನದ ಅಂಕೆ) ಹೆಚ್ಚು ಕೊಟ್ಟರೆ ಟ್ರಾಫಿಕ್ ಮೂಲ್ಕಿ ಮೇಲೆಯೇ ಹೋಗುತ್ತದೆ.

ಏನೂ ಗೊತ್ತಿಲ್ಲದವರು ಸಿಸ್ಕೊ ಪ್ಯಾಕೆಟ್ ಟ್ರೇಸರ್‌ನಿಂದ ಶುರು ಮಾಡಲಿ. ನೆಟ್‌ವರ್ಕಿಂಗ್ ಅಕಾಡೆಮಿಯಲ್ಲಿ ಉಚಿತ ಅಕೌಂಟ್ ಮಾಡಿದರೆ ಡೌನ್‌ಲೋಡ್ ಸಿಗುತ್ತದೆ. ಸಿಸ್ಕೊ ರೌಟರಿನ ಇಂಟರ್‌ಫೇಸ್ ಹುಟ್ಟಿನಿಂದಲೇ ಶಟ್‌ಡೌನ್ ಆಗಿರುತ್ತದೆ, 'ನೋ ಶಟ್‌ಡೌನ್' ಹೊಡೆಯದಿದ್ದರೆ ಕೇಬಲ್ ಕೆಂಪಾಗಿಯೇ ಉಳಿಯುತ್ತದೆ. ಸೀರಿಯಲ್ ಕಾರ್ಡ್ ಹಾಕಬೇಕಾದರೆ ಚಿತ್ರದಲ್ಲಿರುವ ಪವರ್ ಸ್ವಿಚ್ ಆಫ್ ಮಾಡಬೇಕು. ಎಲ್ಲ ಸರಿ ಇದ್ದೂ ಮೊದಲ ಪಿಂಗ್ (ಎದುರಿನವರು ಸಿಗುತ್ತಾರೋ ಎಂದು ನೋಡುವ ಪ್ಯಾಕೆಟ್) ಬಿದ್ದುಹೋದರೆ ಗಾಬರಿ ಬೇಡ: ಎದುರಿನವರ ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡಿನ ಗುರುತು) ಕೇಳುವ ಎಆರ್‌ಪಿ ಮುಗಿಯುವಷ್ಟರಲ್ಲಿ ಆ ಪ್ಯಾಕೆಟ್ ಕಳೆದುಹೋಗಿರುತ್ತದೆ. ಆದರೆ ಇದು ಸಿಮ್ಯುಲೇಟರ್, ನಿಜವಾದ ಐಒಎಸ್ ಅಲ್ಲ. ಎಷ್ಟೋ ಕಮಾಂಡುಗಳು ಇಲ್ಲ, ಐಬಿಜಿಪಿ (ನೆಟ್‌ವರ್ಕುಗಳ ನಡುವೆ ದಾರಿ ತಿಳಿಸುವ ಬಿಜಿಪಿಯನ್ನು ಒಂದೇ ಸಂಸ್ಥೆಯ ಒಳಗೆ ಬಳಸುವುದು) ನಡೆಯುವುದಿಲ್ಲ. ಓಎಸ್‌ಪಿಎಫ್ ಮಟ್ಟ ದಾಟಿದ ಮೇಲೆ ಅಲ್ಲೇ ಕೂರಬೇಡಿ.

ನಿಜವಾದ ರೌಟರ್ ಸಾಫ್ಟ್‌ವೇರನ್ನೇ ಕಂಪ್ಯೂಟರಿನಲ್ಲಿ ಓಡಿಸುವ ಜಿಎನ್‌ಎಸ್3 ಮತ್ತು ಈವ್-ಎನ್‌ಜಿ ಕಮ್ಯುನಿಟಿ ಎರಡೂ ಉಚಿತ. ಐಒಎಸ್ ಇಮೇಜ್ ಮಾತ್ರ ಅವುಗಳ ಜೊತೆ ಬರುವುದಿಲ್ಲ. ಕದ್ದ ಇಮೇಜ್ ಹುಡುಕುತ್ತ ವಾರಗಟ್ಟಲೆ ಕಳೆಯುವವರು ಬಹಳ ಮಂದಿ. ಸಿಸ್ಕೊವೇ ಬೇಕೆಂದಿದ್ದರೆ ಅವರದ್ದೇ ಲ್ಯಾಬ್ ಸಾಫ್ಟ್‌ವೇರ್ ಸಿಎಂಎಲ್‌ನ ಉಚಿತ ಆವೃತ್ತಿ ಉಂಟು, ಅದರಲ್ಲಿ 5 ನೋಡ್ (ರೌಟರಿನಂಥ ಸಾಧನ) ಓಡಿಸಬಹುದು. ನಮ್ಮ ನಾಲ್ಕು ಊರಿಗೆ ಅಷ್ಟು ಸಾಕು.

ಕೆಲಸಕ್ಕೆ ಹತ್ತಿರದ ಅಭ್ಯಾಸ ಬೇಕಾದರೆ ಮೈಕ್ರೊಟಿಕ್ ಕಂಪನಿಯ ವರ್ಚುವಲ್ ರೌಟರ್ ಸಿಎಚ್‌ಆರ್. ಅಂಗಡಿಯಲ್ಲಿ ಸಿಗುವ ಮೈಕ್ರೊಟಿಕ್ ಡಬ್ಬದಲ್ಲಿ ಇರುವ ರೌಟರ್‌ಓಎಸ್ಸೇ ಇದು. ಉಚಿತ ಲೈಸೆನ್ಸಿನಲ್ಲಿ ಪ್ರತಿ ಇಂಟರ್‌ಫೇಸಿಗೆ 1 ಎಂಬಿಪಿಎಸ್ ಮಿತಿ ಮಾತ್ರ, ಅವಧಿಯ ಮಿತಿ ಇಲ್ಲ. ಒಂದು ರೌಟರಿಗೆ 256 ಎಂಬಿ ರ್‍ಯಾಮ್ ಕೊಟ್ಟರೆ ನಾಲ್ಕಕ್ಕೂ ಸೇರಿ 1 ಜಿಬಿ. ಒಂದು ಕಂಪ್ಯೂಟರಿನೊಳಗೆ ಹಲವು ವರ್ಚುವಲ್ ಕಂಪ್ಯೂಟರ್ (ವಿಎಂ) ಓಡಿಸುವ ವರ್ಚುವಲ್‌ಬಾಕ್ಸ್‌ನಲ್ಲಿ ಒಂದನ್ನು ಹಾಕಿ, ಉಳಿದ ಮೂರನ್ನು ಕ್ಲೋನ್ ಮಾಡಿ. ಕ್ಲೋನ್ ಮಾಡುವಾಗ ಎಲ್ಲ ಅಡಾಪ್ಟರಿಗೂ ಹೊಸ ಮ್ಯಾಕ್ ವಿಳಾಸ ಎಂಬ ಆಯ್ಕೆ ಹಾಕಲೇಬೇಕು. ಹಳೆಯ ಮ್ಯಾಕ್ ಉಳಿಸಿಕೊಂಡರೆ ನಾಲ್ಕು ರೌಟರಿಗೂ ಒಂದೇ ಮ್ಯಾಕ್ ಬಂದು ಪಿಂಗ್ ಹೋಗದೆ, ಎಲ್ಲಿ ತಪ್ಪಿದೆ ಎಂದು ತಿಳಿಯದೆ ಕೂರಬೇಕಾಗುತ್ತದೆ. ರೌಟರುಗಳ ನಡುವಿನ ಪ್ರತಿ ಲಿಂಕಿಗೆ ಬೇರೆ ಬೇರೆ ಹೆಸರಿನ ಇಂಟರ್ನಲ್ ನೆಟ್‌ವರ್ಕ್ ಕೊಡಿ, ಮೈಕ್ರೊಟಿಕ್ ಸೆಟ್ ಮಾಡುವ ವಿನ್‌ಬಾಕ್ಸ್ ಪ್ರೋಗ್ರಾಮಿಗಾಗಿ ಒಂದು ಹೋಸ್ಟ್-ಓನ್ಲಿ ಅಡಾಪ್ಟರ್ (ಲ್ಯಾಪ್‌ಟಾಪಿಗೆ ಮಾತ್ರ ಸಿಗುವುದು) ಇರಲಿ.

ಯೂಟ್ಯೂಬಿನ ಹಳೆಯ ವಿಡಿಯೊ ನೋಡಿ ಓಎಸ್‌ಪಿಎಫ್ ಹಾಕಹೊರಟರೆ ರೌಟರ್‌ಓಎಸ್ ಆವೃತ್ತಿ 7ರಲ್ಲಿ ಆ ಮೆನುವೇ ಸಿಗುವುದಿಲ್ಲ. 6ರಲ್ಲಿದ್ದ 'ನೆಟ್‌ವರ್ಕ್' ಹೋಗಿದೆ. ಈಗ ಮೊದಲು ಇನ್‌ಸ್ಟೆನ್ಸ್, ಅದರ ಕೆಳಗೆ 0.0.0.0 ಏರಿಯಾ, ಕೊನೆಗೆ ಇಂಟರ್‌ಫೇಸ್ ಟೆಂಪ್ಲೇಟ್. ನೇಬರ್ (ಪಕ್ಕದ ರೌಟರ್) ಎಕ್ಸ್‌ಸ್ಟಾರ್ಟ್ ಎಂಬ ಹಂತದಲ್ಲೇ ನಿಂತರೆ ಎರಡೂ ಕಡೆಯ ಎಂಟಿಯು (ಪ್ಯಾಕೆಟಿನ ಗರಿಷ್ಠ ಗಾತ್ರ) ನೋಡಿ. ನೇಬರೇ ಬರದಿದ್ದರೆ ಹಲೋ ಟೈಮರ್ (ನಾನಿದ್ದೇನೆ ಎಂದು ಎಷ್ಟು ಹೊತ್ತಿಗೊಮ್ಮೆ ಹೇಳುವುದು), ಡೆಡ್ ಟೈಮರ್ (ಎಷ್ಟು ಹೊತ್ತು ಕೇಳದಿದ್ದರೆ ಸತ್ತಿತೆಂದು ಲೆಕ್ಕ) ಮತ್ತು ಮಾಸ್ಕ್ ನೋಡಿ. ಲ್ಯಾಬಿನಲ್ಲೇ ಸೇಫ್ ಮೋಡ್ ಅಭ್ಯಾಸ ಮಾಡಿಕೊಳ್ಳಿ: ಟರ್ಮಿನಲ್‌ನಲ್ಲಿ ಕಂಟ್ರೋಲ್-ಎಕ್ಸ್ ಒತ್ತಿ ಕೆಲಸ ಶುರು ಮಾಡಿದರೆ, ಮಧ್ಯದಲ್ಲಿ ಸಂಪರ್ಕ ತಪ್ಪಿದಾಗ ಬದಲಾವಣೆಗಳು ತಾವೇ ಹಿಂದಕ್ಕೆ ಹೋಗುತ್ತವೆ. ಮಂಗಳೂರಲ್ಲಿ ಕೂತು ಕುಂದಾಪುರದ ರೌಟರಿಗೆ ಫೈರ್‌ವಾಲ್ ಹಾಕುವವನಿಗೆ ಇದರ ಬೆಲೆ ಗೊತ್ತು.

ನನಗೆ ಹೆಚ್ಚು ಇಷ್ಟವಾದದ್ದು ಲಿನಕ್ಸಿನ ಉಚಿತ ರೌಟರ್ ಸಾಫ್ಟ್‌ವೇರ್ ಎಫ್‌ಆರ್‌ಆರ್, ಅದನ್ನು ಕಂಟೇನರುಗಳಲ್ಲಿ (ವಿಎಂಗಿಂತ ಹಗುರವಾದ ಡಬ್ಬಗಳು) ಓಡಿಸಿ ಜೋಡಿಸುವ ಕಂಟೇನರ್‌ಲ್ಯಾಬ್ ಜೊತೆಗೆ. ಕಮಾಂಡುಗಳು ಸಿಸ್ಕೊದ ಹಾಗೇ, ರ್‍ಯಾಮ್ ತೀರಾ ಕಡಿಮೆ. 'ಡೀಮನ್ಸ್' ಎಂಬ ಫೈಲಿನಲ್ಲಿ ಓಎಸ್‌ಪಿಎಫ್‌ಡಿ, ಬಿಜಿಪಿಡಿ ಎರಡನ್ನೂ ಯೆಸ್ ಮಾಡಿ ಎಫ್‌ಆರ್‌ಆರ್ ಮತ್ತೆ ಶುರು ಮಾಡದಿದ್ದರೆ ಓಎಸ್‌ಪಿಎಫ್, ಬಿಜಿಪಿ ಓಡುವುದೇ ಇಲ್ಲ. ಕಂಟೇನರ್ ಬಿಟ್ಟು ನೇರ ವಿಎಂ ಮೇಲೆ ಹಾಕಿದರೆ ಐಪಿ ಫಾರ್ವರ್ಡಿಂಗ್ 1 ಮಾಡಿ. ಇಲ್ಲವಾದರೆ ರೂಟ್ ಟೇಬಲ್ ಚಂದ ಕಾಣುತ್ತದೆ, ಪ್ಯಾಕೆಟ್ ಮುಂದೆ ಹೋಗುವುದಿಲ್ಲ. ಬಿಜಿಪಿಗೆ ಮಂಗಳೂರಿಗೆ 65001, ಪಕ್ಕದ ಮೂಲ್ಕಿಗೆ 65002 ಎಂದು ಖಾಸಗಿ ಎಎಸ್ ನಂಬರ್ (ಒಂದು ಸಂಸ್ಥೆಯ ನೆಟ್‌ವರ್ಕಿನ ಗುರುತು) ಕೊಡಿ. ಸೆಶನ್ ಏಳುತ್ತದೆ, ಆದರೆ ಸಮ್ಮರಿಯಲ್ಲಿ ರೂಟುಗಳ ಲೆಕ್ಕ ಬರಬೇಕಾದ ಜಾಗದಲ್ಲಿ 'ಪಾಲಿಸಿ' ಎಂದು ಬರುತ್ತದೆ. ಇಬಿಜಿಪಿಯಲ್ಲಿ (ಬೇರೆ ಬೇರೆ ಎಎಸ್‌ಗಳ ನಡುವಿನ ಬಿಜಿಪಿ) ಪಾಲಿಸಿ ಇಲ್ಲದೆ ರೂಟ್ ಕೊಡುವುದೂ ಬೇಡ, ತಗೊಳ್ಳುವುದೂ ಬೇಡ ಎಂಬ ಆರ್‌ಎಫ್‌ಸಿ 8212 ಎಂಬ ಇಂಟರ್ನೆಟ್ ದಾಖಲೆಯ ನಿಯಮವನ್ನು ಎಫ್‌ಆರ್‌ಆರ್ ಪಾಲಿಸುತ್ತದೆ. ಆ ನಿಯಮವನ್ನೇ ಆಫ್ ಮಾಡುವ ಕಮಾಂಡ್ ಉಂಟು, ಆದರೂ ಎರಡೂ ದಿಕ್ಕಿಗೆ ರೂಟ್-ಮ್ಯಾಪ್ (ಯಾವ ರೂಟ್ ಬಿಡಬೇಕೆಂಬ ಪಾಲಿಸಿ) ಬರೆದು ಕಲಿಯುವುದೇ ಒಳ್ಳೆಯದು.

ಇನ್ನು ಕೆಡಿಸಿ ನೋಡುವ ಕೆಲಸ. ಮಂಗಳೂರಿನ ಲ್ಯಾನ್‌ನಿಂದ ಉಡುಪಿಗೆ ಪಿಂಗ್ ಓಡುತ್ತಿರುವಾಗ ಮೂಲ್ಕಿಯಲ್ಲಿ ಮಂಗಳೂರಿನ ಕಡೆಯ ಇಂಟರ್‌ಫೇಸ್ ಮುಚ್ಚಿ. ಪಿಂಗ್ ಹೆಚ್ಚು ಕಳೆಯದೆ ಕಾರ್ಕಳದ ಕಡೆ ತಿರುಗುತ್ತದೆ. ಈಗ ಅದೇ ಲಿಂಕಿನ ನಡುವೆ ಒಂದು ಲಿನಕ್ಸ್ ಬ್ರಿಡ್ಜ್ ಹಾಕಿ, ಒಂದು ಪೋರ್ಟನ್ನು ಬ್ರಿಡ್ಜಿನಿಂದ ತೆಗೆಯಿರಿ. ಎರಡೂ ರೌಟರಿಗೆ ಲಿಂಕ್ ಅಪ್ ಎಂದೇ ಕಾಣುತ್ತದೆ, ನೇಬರ್ ಫುಲ್ (ಸಂಬಂಧ ಪೂರ್ಣ) ಎಂದೇ ಇರುತ್ತದೆ, ಪಿಂಗ್ ಮಾತ್ರ 40 ಸೆಕೆಂಡಿನವರೆಗೂ ಸತ್ತಿರುತ್ತದೆ. ಡೆಡ್ ಟೈಮರ್ ಮುಗಿದ ಮೇಲೆಯೇ ದಾರಿ ಬದಲು. ನಡುವೆ ಮೀಡಿಯಾ ಕನ್ವರ್ಟರ್ ಅಥವಾ ಸ್ವಿಚ್ ಇರುವ ಫೈಬರಿನಲ್ಲಿ ಆಗುವುದು ಹೀಗೆಯೇ. ಲಿಂಕ್ ಸತ್ತದ್ದನ್ನು ಬೇಗ ಪತ್ತೆ ಹಚ್ಚುವ ಬಿಎಫ್‌ಡಿಯನ್ನು ಅಲ್ಲೇ ಹಾಕಿ ಮತ್ತೆ ನೋಡಿ. ಅದು ಯಾಕೆ ಬೇಕೆಂದು ಬೇರೆ ಪಾಠ ಬೇಕಾಗುವುದಿಲ್ಲ. ಪ್ಯಾಕೆಟ್ ಹಿಡಿದು ತೋರಿಸುವ ವೈರ್‌ಶಾರ್ಕ್‌ನಲ್ಲಿ ಹಲೋ ಪ್ಯಾಕೆಟುಗಳು 10 ಸೆಕೆಂಡಿಗೊಮ್ಮೆ ಹೊರಟು ಎದುರಿಗೆ ಮುಟ್ಟದಿರುವುದೂ ಕಾಣುತ್ತದೆ.

ನಿಜವಾದ ಡಬ್ಬ ಮುಟ್ಟಿ ನೋಡುವ ಆಸೆಗೆ ಮನೆಯ ಹಳೆಯ ವೈಫೈ ರೌಟರಿಗೆ ಓಪನ್‌ಡಬ್ಲ್ಯುಆರ್‌ಟಿ ಎಂಬ ಉಚಿತ ಫರ್ಮ್‌ವೇರ್ (ಡಬ್ಬದೊಳಗಿನ ಸಾಫ್ಟ್‌ವೇರ್) ಹಾಕಬಹುದು. 8 ಎಂಬಿ ಫ್ಲ್ಯಾಶ್, 64 ಎಂಬಿ ರ್‍ಯಾಮ್‌ಗಿಂತ ಕಡಿಮೆ ಇದ್ದರೆ ಕೈಬಿಡಿ. ಮಾಡೆಲ್ ಒಂದೇ ಇದ್ದರೂ ಅಡಿಯ ಲೇಬಲ್ಲಿನ ವಿ1, ವಿ2 ಬೇರೆಯಾದರೆ ಫರ್ಮ್‌ವೇರ್ ಬೇರೆ. ಹಾಕಿದ ಮೇಲೆ ಅದರ ವಿಳಾಸ 192.168.1.1, ವೈಫೈ ಆಫ್ ಇರುತ್ತದೆ. ಮನೆಯ ಫೈಬರ್ ಮೋಡೆಮ್ಮಿನದ್ದೂ ಅದೇ ವಿಳಾಸವಾಗಿದ್ದರೆ ಇಂಟರ್ನೆಟ್ ಬರುವುದಿಲ್ಲ, ಹೊಸದರ ಲ್ಯಾನ್ 192.168.50.1 ಮಾಡಿ. ಫ್ಲ್ಯಾಶ್ ಮಾಡುವಾಗ ಯುಪಿಎಸ್ ಮೇಲಿಡಿ, ಮಧ್ಯದಲ್ಲಿ ಕರೆಂಟ್ ಹೋದರೆ ಡಬ್ಬ ಹೋಯಿತೆಂದೇ ಲೆಕ್ಕ. ಗುಡುಗು ಕೇಳುವ ಸಂಜೆಗಳಲ್ಲಿ ಅಡಾಪ್ಟರ್ ಮಾತ್ರವಲ್ಲ, ಹೊರಗಿನಿಂದ ಬರುವ ಲ್ಯಾನ್ ಕೇಬಲ್ಲನ್ನೂ ಕಳಚಿಡಿ. ಸಿಡಿಲು ಆ ತಂತಿಯಲ್ಲೂ ಬರುತ್ತದೆ.